ಕೂತಷ್ಟೂ ಖರ್ಚು: ಹಳೆಯ ಮಿಲಿಟರಿ ಸಾಗಣೆ ವಿಮಾನ ಹಾರಿಸಲು ಅಷ್ಟೊಂದು ದುಡ್ಡು ಯಾಕೆ ಬೇಕು?

ಡಕೋಟಾ ಅನ್ನುವ ಹಳೆಯ ಮಿಲಿಟರಿ ಸಾಗಣೆ ವಿಮಾನ ಹಾರುವ ದಿನ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಒಂದು ಕೈಕೆಲಸ ಇರುತ್ತದೆ. ಇಬ್ಬರು ಮೂವರು ಎಂಜಿನ್ ಮುಂದೆ ಬಂದು ನಿಲ್ಲುತ್ತಾರೆ. ಸ್ವಿಚ್ ಆಫ್ ಆಗಿದೆಯಾ ಅಂತ ಒಬ್ಬರು ಕೂಗಿ ಕೇಳುತ್ತಾರೆ. ಕಾಕ್‌ಪಿಟ್‌ನಿಂದ ಉತ್ತರ ಬರುತ್ತದೆ. ಆಮೇಲೆ ಪ್ರೊಪೆಲ್ಲರ್‌ನ ಒಂದೊಂದೇ ಬ್ಲೇಡ್ ಹಿಡಿದು, ಮೈಭಾರ ಬಿಟ್ಟು, ನಿಧಾನವಾಗಿ ಎಳೆಯುತ್ತಾರೆ. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹತ್ತು ಹನ್ನೆರಡು ಬ್ಲೇಡ್ ದಾಟಿಸುತ್ತಾರೆ. ನಡುವೆ ಎಲ್ಲಾದರೂ ಬ್ಲೇಡ್ ಗಕ್ಕನೆ ನಿಂತರೆ ಕೈಯೂ ಅಲ್ಲೇ ನಿಲ್ಲಬೇಕು. ಜೋರು ಮಾಡಿ ತಳ್ಳುವ ಹಾಗಿಲ್ಲ. ಹಿಂದಕ್ಕೆ ತಿರುಗಿಸುವ ಹಾಗೂ ಇಲ್ಲ.

ಯಾಕೆ ಅಂದರೆ, ಈ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತಲೂ ಇರುತ್ತವೆ. ಇದನ್ನೇ ರೇಡಿಯಲ್ ಎಂಜಿನ್ ಅನ್ನುವುದು. ಮೇಲಿನ ಸಿಲಿಂಡರ್‌ಗಳು ನೆಟ್ಟಗೆ ನಿಂತಿದ್ದರೆ ಕೆಳಗಿನವು ತಲೆಕೆಳಗಾಗಿ ತೂಗುತ್ತಿರುತ್ತವೆ. ವಿಮಾನ ಸುಮ್ನೆ ನಿಂತಾಗ ಆಯಿಲ್ ಇಳಿದು ಇಳಿದು ಕೆಳಗಿನ ಸಿಲಿಂಡರ್ ಸೇರುತ್ತದೆ. ಗಾಳಿಯನ್ನು ಒತ್ತಬಹುದು, ಆಯಿಲ್ ಅನ್ನು ಒತ್ತಲು ಆಗುವುದಿಲ್ಲ. ಹಾಗೇ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಆ ಆಯಿಲ್‌ಗೆ ಗುದ್ದಿ, ಅದನ್ನು ಹಿಡಿದಿರುವ ರಾಡ್ ಬಾಗುತ್ತದೆ. ಬಾಗಿದ ರಾಡ್ ಅವತ್ತೇ ಮುರಿಯಬೇಕು ಅಂತೇನಿಲ್ಲ. ಇನ್ನೂ ಹತ್ತು ಗಂಟೆ ಓಡಿ, ಆಮೇಲೆ ಆಕಾಶದಲ್ಲಿ ಮುರಿಯಬಹುದು. ಅದಕ್ಕೇ ಬ್ಲೇಡ್ ಸಿಕ್ಕಿಕೊಂಡರೆ ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಆಯಿಲ್ ಹರಿಸಿ, ಮತ್ತೆ ಮೊದಲಿಂದ ಎಣಿಸುತ್ತಾರೆ.

ಈ ಕೆಲಸಕ್ಕೆ ಹಣ ಬೇಕಿಲ್ಲ. ಗೊತ್ತಿರುವವರು ಬೇಕು, ಅವರಿಗೆ ತಾಳ್ಮೆ ಬೇಕು. ಹಾಗೆ ನೋಡಿದರೆ ಹಳೆಯ ಸಾಗಣೆ ವಿಮಾನದ ಖರ್ಚಿನ ಕಥೆ ಅರ್ಧಕ್ಕರ್ಧ ಇಂಥದ್ದೇ. ವಿಮಾನ ನಿಂತಾಗ ಒಳಗೊಳಗೇ ಏನೋ ಆಗುತ್ತಿರುತ್ತದೆ. ಅದನ್ನು ಹಿಡಿಯಲು ತಿಳಿದ ಕೈ ಬೇಕು.

ಆದರೂ ಎಲ್ಲರೂ ಮೊದಲು ಕೇಳುವುದು ಪೆಟ್ರೋಲ್ ಬಗ್ಗೆ. ಸರಿ, ಅಲ್ಲಿಂದಲೇ ಶುರು ಮಾಡೋಣ.

ಡಗ್ಲಸ್ ಸಿ-47 ವಿಮಾನವನ್ನೇ ತೆಗೆದುಕೊಳ್ಳಿ. ಬ್ರಿಟಿಷರು ಇದಕ್ಕೆ ಇಟ್ಟ ಹೆಸರು ಡಕೋಟಾ. 1935ರಲ್ಲಿ ಮೊದಲು ಹಾರಿದ ಡಿಸಿ-3 ಪ್ರಯಾಣಿಕ ವಿಮಾನದ ಮಿಲಿಟರಿ ರೂಪ ಇದು. ಅಮೆರಿಕದಲ್ಲೇ 10,000ಕ್ಕೂ ಹೆಚ್ಚು ತಯಾರಾದವು. ಎರಡು ಎಂಜಿನ್, ಒಂದೊಂದರಲ್ಲೂ 14 ಸಿಲಿಂಡರ್, ಒಂದೊಂದಕ್ಕೂ 1,200 ಕುದುರೆಶಕ್ತಿ. ಎರಡೂ ಸೇರಿ ಗಂಟೆಗೆ ಸುಮಾರು 340ರಿಂದ 380 ಲೀಟರ್ ಪೆಟ್ರೋಲ್ ಕುಡಿಯುತ್ತವೆ. ವೇಗ ಗಂಟೆಗೆ 250 ಕಿಲೋಮೀಟರ್ ಆಸುಪಾಸು. ಅಂದರೆ 100 ಕಿಲೋಮೀಟರ್ ಹೋಗಲು ಸುಮಾರು 140 ಲೀಟರ್. ಇದರ ಜೊತೆ ಆಯಿಲ್ ಬೇರೆ. ರೇಡಿಯಲ್ ಎಂಜಿನ್ ಆಯಿಲ್ ಸುಡುತ್ತದೆ, ಸೋರುತ್ತದೆ, ಅದು ಅದರ ಹುಟ್ಟುಗುಣ. ಒಂದೊಂದು ಎಂಜಿನ್‌ಗೆ ನೂರು ಲೀಟರ್‌ಗೂ ಹೆಚ್ಚು ಆಯಿಲ್ ಹಿಡಿಯುವ ಟ್ಯಾಂಕ್ ಕೊಟ್ಟಿರುವುದು ಸುಮ್ನೆ ಅಲ್ಲ.

ಮೊತ್ತ ದೊಡ್ಡದೇ. ಆದರೆ ಈ ಖರ್ಚು ನೇರ. ಹಾರಿದರೆ ಕೊಡಬೇಕು, ಹಾರದಿದ್ದರೆ ಕೊಡಬೇಕಿಲ್ಲ. ಪೆಟ್ರೋಲ್‌ನಲ್ಲಿ ನಿಜವಾದ ತೊಡಕು ಇರುವುದು ಅದರ ಜಾತಿಯಲ್ಲಿ.

ಈ ಎಂಜಿನ್‌ಗಳಿಗೆ ಕಾರಿನ ಪೆಟ್ರೋಲೂ ಆಗದು, ಜೆಟ್ ಇಂಧನವೂ ಆಗದು. ಅವಕ್ಕೆ ಬೇಕಿರುವುದು ಆವ್‌ಗ್ಯಾಸ್, ಅಂದರೆ ಪಿಸ್ಟನ್ ಎಂಜಿನ್ ವಿಮಾನಗಳಿಗೆ ಅಂತಲೇ ಮಾಡುವ ಪೆಟ್ರೋಲ್. ಇವತ್ತು ಸಿಗುವ ಆವ್‌ಗ್ಯಾಸ್‌ನ ಹೆಸರು 100 ಎಲ್‌ಎಲ್, ನೀಲಿ ಬಣ್ಣದ್ದು. ಡಕೋಟಾಗೆ ಇದು ಒಗ್ಗುತ್ತದೆ. ಆದರೆ ಇನ್ನೂ ದೊಡ್ಡ ಎಂಜಿನ್‌ಗಳ ಕಾನ್‌ಸ್ಟಲೇಷನ್, ಸಿ-97ನಂಥ ವಿಮಾನಗಳು ಬೆಳೆದದ್ದು 115/145 ಅನ್ನುವ ನೇರಳೆ ಬಣ್ಣದ ಪೆಟ್ರೋಲ್ ಮೇಲೆ. ಅದು ಈಗ ಮಾರುಕಟ್ಟೆಯಲ್ಲಿ ಇಲ್ಲ. ಹಾಗಾಗಿ ಆ ಎಂಜಿನ್‌ಗಳನ್ನು ಪೂರ್ತಿ ಶಕ್ತಿಗೆ ಏರಿಸದೆ, ಕಡಿಮೆ ಒತ್ತಡದಲ್ಲಿ, ಕಡಿಮೆ ಭಾರದಲ್ಲಿ ಓಡಿಸಬೇಕು.

100 ಎಲ್‌ಎಲ್‌ಗೂ ದಿನ ಎಣಿಕೆ ಶುರುವಾಗಿದೆ. ಅದರಲ್ಲಿ ಸೀಸ ಇದೆ. ಆ ಸೀಸದ ರಾಸಾಯನಿಕವನ್ನು ವಿಮಾನ ಪೆಟ್ರೋಲ್‌ಗಾಗಿ ತಯಾರಿಸುವ ದೊಡ್ಡ ಕಾರ್ಖಾನೆ ಉಳಿದಿರುವುದು ಇಂಗ್ಲೆಂಡಿನ ಎಲ್ಸ್‌ಮೀರ್ ಪೋರ್ಟ್‌ನಲ್ಲಿ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಮೇ ತಿಂಗಳಿಂದ ಆ ರಾಸಾಯನಿಕವನ್ನು ಬಳಸಲು ವಿಶೇಷ ಅನುಮತಿ ಬೇಕು. ಅಮೆರಿಕ 2030ರ ಕೊನೆಯೊಳಗೆ ಸೀಸದ ಪೆಟ್ರೋಲ್ ಬಿಡುವ ಗುರಿ ಇಟ್ಟುಕೊಂಡಿದೆ. ಸೀಸ ಹೋಗಬೇಕಾದದ್ದೇ, ಅದು ಮಕ್ಕಳ ಮಿದುಳಿಗೆ ವಿಷ. ಬದಲಿ ಪೆಟ್ರೋಲ್‌ಗಳೂ ಬರುತ್ತಿವೆ. ಆದರೆ ಹಳೆಯ ರಬ್ಬರ್ ಸೀಲು, ಹಳೆಯ ಟ್ಯಾಂಕ್, ಹಳೆಯ ಬಣ್ಣ ಇವೆಲ್ಲ ಹೊಸ ಪೆಟ್ರೋಲ್ ಜೊತೆ ಹೇಗೆ ಬಾಳುತ್ತವೆ ಅಂತ ಪ್ರತಿ ಮಾದರಿಯಲ್ಲೂ ನೋಡಿಯೇ ತಿಳಿಯಬೇಕು. ಆ ಪರೀಕ್ಷೆಗೂ ದುಡ್ಡು ಬೇಕಲ್ವಾ.

ಈಗ ಎಂಜಿನ್ ಒಳಗೆ ಹೋಗೋಣ. ಲೆಕ್ಕ ಇಲ್ಲಿ ಬೇರೆ ರೂಪ ತಾಳುತ್ತದೆ.

ಡಕೋಟಾದ ಎಂಜಿನ್ ಪ್ರ್ಯಾಟ್ ಅಂಡ್ ವಿಟ್ನಿ ಆರ್-1830. ಒಟ್ಟು 1,73,618 ಎಂಜಿನ್ ತಯಾರಾದವು. ಎರಡನೇ ಮಹಾಯುದ್ಧ ಮುಗಿದಾಗ ಪೆಟ್ಟಿಗೆ ಕೂಡ ಒಡೆಯದ ಹೊಸ ಎಂಜಿನ್‌ಗಳು ಗೋದಾಮುಗಳಲ್ಲಿ ರಾಶಿ ಬಿದ್ದಿದ್ದವು. ಸರ್ಕಾರಗಳಿಗೆ ಜಾಗ ಖಾಲಿಯಾದರೆ ಸಾಕಿತ್ತು, ಸಿಕ್ಕ ಬೆಲೆಗೆ ಮಾರಿದವು. ವಿಮಾನಗಳದ್ದೂ ಅದೇ ಕಥೆ. ಮುಂದೆ ದಶಕಗಟ್ಟಲೆ ಡಕೋಟಾ ಸಾಕುವುದು ಅಗ್ಗವಾಗಿದ್ದದ್ದು ಈ ಯುದ್ಧದ ಮಿಗತೆಯಿಂದ. ಯುದ್ಧಕ್ಕೆ ಅಂತ ಎಂದೋ ತೆರಿಗೆ ಕಟ್ಟಿದವರ ದುಡ್ಡಿನಲ್ಲಿ ಎರಡು ಮೂರು ತಲೆಮಾರು ಹಾರಾಡಿತು ಅನ್ನಬಹುದು. ಆ ಕಣಜ ಈಗ ತಳ ಕಂಡಿದೆ. ಖರ್ಚು ಏರಿದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಇಂಥ ಎಂಜಿನ್ ಸಾವಿರ ಗಂಟೆಯ ಆಸುಪಾಸು ಓಡಿದ ಮೇಲೆ ಪೂರ್ತಿ ಬಿಚ್ಚಿ, ಅಳೆದು, ಸವೆದದ್ದನ್ನು ಬದಲಾಯಿಸಿ ಮತ್ತೆ ಜೋಡಿಸಬೇಕು. ಇದಕ್ಕೆ ಓವರ್‌ಹಾಲ್ ಅನ್ನುತ್ತಾರೆ. ಆದರೆ ಬದಲಾಯಿಸಲು ಹೊಸ ಭಾಗ ಎಲ್ಲಿದೆ? ಎರಡು ಮೂರು ಸತ್ತ ಎಂಜಿನ್ ಬಿಚ್ಚಿ, ಒಂದರ ಕ್ರ್ಯಾಂಕ್, ಇನ್ನೊಂದರ ಸಿಲಿಂಡರ್, ಮತ್ತೊಂದರ ಗೇರ್ ಹೀಗೆ ಆಯ್ದು ಒಂದು ಒಳ್ಳೆಯ ಎಂಜಿನ್ ಕಟ್ಟುತ್ತಾರೆ. ಪ್ರತಿ ಸಲವೂ ಲೋಕದಲ್ಲಿರುವ ಎಂಜಿನ್‌ಗಳ ಎಣಿಕೆ ಇಳಿಯುತ್ತದೆ. ಜಾಣ ಮಾಲೀಕರು ಹಾರಿದ ಪ್ರತಿ ಗಂಟೆಗೂ ಇಷ್ಟು ಅಂತ ದುಡ್ಡು ತೆಗೆದು ಬೇರೆ ಇಡುತ್ತಾರೆ. ಆ ಗಂಟು ಮುಟ್ಟಿದವರು ಎಂಜಿನ್ ಕೆಟ್ಟ ದಿನ ವಿಮಾನವನ್ನು ಮೂಲೆಗೆ ತಳ್ಳಬೇಕಾಗುತ್ತದೆ.

ಎಂಜಿನ್ ಕೆಡುವ ಮುನ್ಸೂಚನೆ ಹೇಗೆ ಸಿಗುತ್ತದೆ ಗೊತ್ತಾ? ಮೆಕ್ಯಾನಿಕ್ ಆಯಿಲ್ ಜಾಲರಿಯನ್ನು ಬಿಚ್ಚಿ ತೆಗೆಯುತ್ತಾರೆ. ಸೀಮೆಎಣ್ಣೆಯಂಥ ದ್ರಾವಣದಲ್ಲಿ ತೊಳೆದು, ಉಳಿದ ಕಸವನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಬೆಳಕಿಗೆ ಹಿಡಿಯುತ್ತಾರೆ. ಕಪ್ಪು ಮಸಿಯ ಚೂರು ಇದ್ದರೆ ಚಿಂತೆ ಇಲ್ಲ. ಅಯಸ್ಕಾಂತಕ್ಕೆ ಅಂಟಿದರೆ ಉಕ್ಕು. ಯಾವುದೋ ಗೇರೋ ರಿಂಗೋ ಸವೆಯುತ್ತಿದೆ. ಅಯಸ್ಕಾಂತಕ್ಕೆ ಅಂಟದೆ ಥಳಥಳ ಹೊಳೆಯುವ ತೆಳು ಹಾಳೆಯಂಥ ಚೂರು ಕಂಡರೆ ಅದು ಬೆಳ್ಳಿ ಇರಬಹುದು. ಪ್ರ್ಯಾಟ್ ಅಂಡ್ ವಿಟ್ನಿ ತನ್ನ ಮುಖ್ಯ ರಾಡ್‌ನ ಬೇರಿಂಗ್‌ಗೆ ಬೆಳ್ಳಿಯ ಪದರ ಹಾಕುತ್ತಿತ್ತು. ಬೆಳ್ಳಿ ಜಾಲರಿಗೆ ಬಂತು ಅಂದರೆ ಆ ಬೇರಿಂಗ್ ಕಳಚುತ್ತಿದೆ ಅಂತ ಅರ್ಥ. ಆ ಎಂಜಿನ್ ಇನ್ನು ಹಾರುವ ಹಾಗಿಲ್ಲ. ಅಕ್ಕಿಕಾಳಿಗಿಂತ ಸಣ್ಣ ಒಂದು ಚೂರು ಇಡೀ ವರ್ಷದ ಬಜೆಟ್ ಅನ್ನು ತಲೆಕೆಳಗು ಮಾಡಿಬಿಡುತ್ತದೆ.

ಇದು ಡಕೋಟಾದ ಮಾತು, ಹಳೆಯ ಸಾಗಣೆ ವಿಮಾನಗಳಲ್ಲೇ ಸಾಕಲು ಸುಲಭವಾದದ್ದು. ಸಿ-46 ಕಮಾಂಡೊದ ಎಂಜಿನ್‌ಗೆ 18 ಸಿಲಿಂಡರ್. ಸಿ-54ಕ್ಕೆ ನಾಲ್ಕು ಎಂಜಿನ್, ಅದೂ ಅಪರೂಪದ ಆರ್-2000. ಸಿ-97ರ ಎಂಜಿನ್‌ನಲ್ಲಿ 28 ಸಿಲಿಂಡರ್. ಸಿಲಿಂಡರ್‌ಗೆ ಎರಡು ಪ್ಲಗ್‌ನಂತೆ ಒಂದು ಎಂಜಿನ್‌ಗೆ 56, ನಾಲ್ಕು ಎಂಜಿನ್‌ಗೆ 224 ಸ್ಪಾರ್ಕ್ ಪ್ಲಗ್. ಒಮ್ಮೆ ಎಲ್ಲವನ್ನೂ ಬಿಚ್ಚಿ, ತೊಳೆದು, ಪರೀಕ್ಷಿಸಿ ಹಾಕಲು ಎಷ್ಟು ಹೊತ್ತು ಬೇಕು ಅಂತ ನೀವೇ ಊಹಿಸಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಹಾರಿದ್ದಕ್ಕೆ ತಗಲುವ ಖರ್ಚು. ಹೊರಗಿನವರಿಗೆ ಕಾಣದೇ ಇರುವುದು ಇನ್ನೊಂದು ಖರ್ಚು, ಹಾರದೇ ಇರುವುದರದ್ದು.

ವಿಮೆ ವರ್ಷಕ್ಕೆ ಇಷ್ಟು ಅಂತ ಕಟ್ಟಬೇಕು. ನಿಲ್ಲಿಸುವ ಜಾಗಕ್ಕೆ ಬಾಡಿಗೆ ಇದೆ. ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ ಆಗಬೇಕು. ಪ್ರೊಪೆಲ್ಲರ್‌ಗೆ ಗಂಟೆಯ ಮಿತಿ ಇದ್ದ ಹಾಗೇ ವರ್ಷಗಳ ಮಿತಿಯೂ ಇದೆ. ಅದು ತಿರುಗಲಿ ಬಿಡಲಿ, ಅವಧಿ ಬಂದಾಗ ಬಿಚ್ಚಿ ನೋಡಬೇಕು. ರಬ್ಬರ್ ಪೈಪು, ಬೆಂಕಿ ಆರಿಸುವ ಸಿಲಿಂಡರ್, ಟೈರು ಎಲ್ಲವೂ ಸುಮ್ನೆ ನಿಂತೇ ಹಳೆಯದಾಗುತ್ತವೆ. ಡಕೋಟಾದ ಬಾಲದ ಮತ್ತು ರೆಕ್ಕೆಯ ಅಂಚಿನ ಆಡುವ ಭಾಗಗಳಿಗೆ ಹೊದಿಸಿರುವುದು ಬಟ್ಟೆ. ಅದೂ ಬಿಸಿಲಿಗೆ ಸಾಯುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಅಂಕಿಗಳು ಊಹೆಯವು, ವಿಷಯ ಬಿಡಿಸಲಿಕ್ಕೆ ಅಷ್ಟೇ. ಒಂದು ಗಂಟೆಯ ಪೆಟ್ರೋಲ್ ಖರ್ಚನ್ನು ಒಂದು ಪಾಲು ಅನ್ನೋಣ. ಎಂಜಿನ್‌ಗೆ ತೆಗೆದಿಡುವುದು, ಆಯಿಲು, ಟೈರು ಎಲ್ಲ ಸೇರಿ ಗಂಟೆಗೆ ಇನ್ನೂ ಅರ್ಧ ಪಾಲು. ವಿಮೆ, ಜಾಗ, ತಪಾಸಣೆಯಂಥ ವರ್ಷದ ಖರ್ಚು 120 ಪಾಲು. ಈ ವಿಮಾನ ವರ್ಷಕ್ಕೆ 120 ಗಂಟೆ ಹಾರಿದರೆ ಒಂದು ಗಂಟೆಗೆ ಎರಡೂವರೆ ಪಾಲು ಬೀಳುತ್ತದೆ. ಬರೀ 30 ಗಂಟೆ ಹಾರಿದರೆ? ಗಂಟೆಗೆ ಐದೂವರೆ ಪಾಲು. ಪೆಟ್ರೋಲ್ ಬೆಲೆ ಒಂದು ಪೈಸೆಯೂ ಏರಿಲ್ಲ, ಗಂಟೆಯ ಖರ್ಚು ದುಪ್ಪಟ್ಟು ದಾಟಿತು.

ಇಲ್ಲೇ ಸಂಸ್ಥೆಗಳು ಸಿಕ್ಕಿಬೀಳುತ್ತವೆ. ದುಡ್ಡು ಕಮ್ಮಿ ಆಯಿತು ಅಂತ ಹಾರಾಟ ಕಮ್ಮಿ ಮಾಡುತ್ತಾರೆ. ಹಾರಾಟ ಕಮ್ಮಿ ಆದರೆ ಪ್ರದರ್ಶನದಿಂದ, ಪ್ರಯಾಣಿಕರಿಂದ ಬರುವ ಹಣವೂ ಕಮ್ಮಿ. ಪೈಲಟ್‌ಗಳ ಕೈ ಜಡ್ಡುಗಟ್ಟುತ್ತದೆ, ಅವರಿಗೆ ಮತ್ತೆ ತರಬೇತಿ ಬೇಕು. ಎಂಜಿನ್ ಒಳಗೆ ತೇವ ಕೂರುತ್ತದೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಅನ್ನುತ್ತಾರಲ್ಲ, ಆ ಮಾತು ಈ ವಿಮಾನಗಳಿಗೆ ಅಕ್ಷರಶಃ ಹೊಂದುತ್ತದೆ.

ಕೂತ ವಿಮಾನವನ್ನು ತಿನ್ನುವುದು ತುಕ್ಕು. ಅಲ್ಯೂಮಿನಿಯಮ್‌ಗೆ ತುಕ್ಕು ಹಿಡಿಯುವುದಿಲ್ಲ ಅಂತ ಹಲವರ ನಂಬಿಕೆ. ವಿಮಾನಕ್ಕೆ ಬಳಸುವ ಗಟ್ಟಿ ಅಲ್ಯೂಮಿನಿಯಮ್‌ನಲ್ಲಿ ತಾಮ್ರ ಬೆರೆತಿರುತ್ತದೆ. ನೀರು, ಉಪ್ಪಿನ ಗಾಳಿ ಸಿಕ್ಕರೆ ಅದು ಒಳಗಿನ ಹರಳುಗಳ ಸಂದಿಯಲ್ಲಿ ಕೊರೆಯುತ್ತಾ ಹೋಗುತ್ತದೆ. ಮೇಲಿನ ಬಣ್ಣ ಚೆನ್ನಾಗೇ ಇರುತ್ತದೆ. ಕೆಳಗೆ ಲೋಹ ಪದರ ಪದರವಾಗಿ ಬಿಚ್ಚಿಕೊಂಡಿರುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಮ್ ಮುಟ್ಟುವ ಕಡೆ ಇನ್ನೂ ಬೇಗ. ಡಕೋಟಾದ ಹೊರ ರೆಕ್ಕೆ ನಡುಭಾಗಕ್ಕೆ ಸೇರುವಲ್ಲಿ ನೂರಾರು ಬೋಲ್ಟುಗಳಿವೆ. ಆ ಸಾಲನ್ನು ನೋಡದೆ ಯಾವ ಮೆಕ್ಯಾನಿಕ್ಕೂ ಸಹಿ ಹಾಕುವುದಿಲ್ಲ.

ತುಕ್ಕು ಎಷ್ಟು ದೊಡ್ಡ ಬಿಲ್ ತರಬಲ್ಲದು ಅನ್ನುವುದಕ್ಕೆ ಸ್ವಿಟ್ಜರ್‌ಲ್ಯಾಂಡಿನಲ್ಲಿ ಎರಡು ಉದಾಹರಣೆ ಇವೆ. ಅಲ್ಲೊಂದು ಸೂಪರ್ ಕಾನ್‌ಸ್ಟಲೇಷನ್ ಹಾರುತ್ತಿತ್ತು. ನೋಡಿದವರು ಕಣ್ಣು ಕೀಳದಂಥ ವಿಮಾನ. 2017ರ ಹೊತ್ತಿಗೆ ತಪಾಸಣೆಯಲ್ಲಿ ತುಕ್ಕು ಕಂಡಿತು. ಸರಿಪಡಿಸುವ ಖರ್ಚು ಅದನ್ನು ಹಾರಿಸುತ್ತಿದ್ದ ಸಂಘದ ಶಕ್ತಿ ಮೀರಿತ್ತು. ವಿಮಾನ ನೆಲಕ್ಕಿಳಿಯಿತು, ಸಂಘ ಮುಚ್ಚಿತು, ವಿಮಾನ ಜರ್ಮನಿಯವರ ಪಾಲಾಯಿತು.

ಎರಡನೆಯದು ದುಃಖದ್ದು. ಸ್ವಿಸ್ ವಾಯುಪಡೆಗೆ 1939ರಲ್ಲಿ ಬಂದಿದ್ದ ಯುಂಕರ್ಸ್ ಯು-52 ವಿಮಾನಗಳು ನಿವೃತ್ತಿಯ ನಂತರ ಪ್ರಯಾಣಿಕರನ್ನು ಹೊತ್ತು ಹಾರುತ್ತಿದ್ದವು. 2018ರ ಆಗಸ್ಟ್ 4ರಂದು ಅವುಗಳಲ್ಲಿ ಒಂದು ಪಿಜ್ ಸೆಗ್ನಾಸ್ ಬೆಟ್ಟದ ಬಳಿ ಬಿದ್ದು 20 ಜನ ಸತ್ತರು. ಪೈಲಟ್‌ಗಳು ಇಕ್ಕಟ್ಟಾದ ಕಣಿವೆಯಲ್ಲಿ ತೀರ ಕೆಳಗೆ ಅಪಾಯಕರವಾಗಿ ಹಾರಿದ್ದೇ ಕಾರಣ ಅಂತ 2021ರ ತನಿಖಾ ವರದಿ ಹೇಳಿತು. ಆದರೆ ಅವಶೇಷ ಪರೀಕ್ಷಿಸುವಾಗ ರೆಕ್ಕೆಯ ಒಳಗೆ ತುಕ್ಕು, ಬಿರುಕು, ನಿರ್ವಹಣೆಯ ಲೋಪಗಳೂ ಕಂಡವು. ಅಪಘಾತಕ್ಕೆ ಅವು ಕಾರಣ ಅಲ್ಲ. ಆದರೂ ಯಾರ ಕಣ್ಣಿಗೂ ಬೀಳದೆ ಅವು ಅಲ್ಲಿದ್ದವು. ರೆಕ್ಕೆಯ ಒಳಗನ್ನು ಪೂರ್ತಿ ನೋಡಬೇಕು ಅಂದರೆ ರೆಕ್ಕೆಯನ್ನೇ ಬಿಚ್ಚಬೇಕು. ಅದನ್ನು ಮುಂದೂಡಿದಾಗ ಉಳಿದ ಹಣ ನಿಜವಾದ ಉಳಿತಾಯ ಅಲ್ಲ, ಅದು ಸಾಲ.

ಒಳಗೆ ನಿಲ್ಲಿಸಿದರೆ ತುಕ್ಕು ಕಮ್ಮಿ. ಆದರೆ ಎಷ್ಟು ದೊಡ್ಡ ಹ್ಯಾಂಗರ್ ಬೇಕು ನೋಡಿ. ಡಕೋಟಾದ ರೆಕ್ಕೆಯ ತುದಿಯಿಂದ ತುದಿಗೆ 29 ಮೀಟರ್. ಸಿ-54ಕ್ಕೆ ಸುಮಾರು 36, ಸಿ-97ಕ್ಕೆ 43. ಹೀಗಾಗಿ ಬಹಳಷ್ಟು ವಿಮಾನಗಳು ಬಯಲಲ್ಲೇ ನಿಲ್ಲುತ್ತವೆ. ಬರ್ಲಿನ್ ಏರ್‌ಲಿಫ್ಟ್ ಹಿಸ್ಟಾರಿಕಲ್ ಫೌಂಡೇಷನ್‌ನವರ ಸಿ-54, ‘ಸ್ಪಿರಿಟ್ ಆಫ್ ಫ್ರೀಡಂ’, 2020ರ ಏಪ್ರಿಲ್‌ನಲ್ಲಿ ದಕ್ಷಿಣ ಕ್ಯಾರೊಲಿನಾದ ವಾಲ್ಟರ್‌ಬೊರೊದಲ್ಲಿ ನಿಂತಿದ್ದಾಗ ಸುಂಟರಗಾಳಿ ಎತ್ತಿ ಬಿಸಾಡಿತು. ರಿಪೇರಿ ಸಾಧ್ಯವಾಗಲಿಲ್ಲ. ಅವರು ಇನ್ನೊಂದು ಸಿ-54 ಹುಡುಕಿ ಮತ್ತೆ ಮೊದಲಿಂದ ಶುರು ಮಾಡಿದರು.

ಕಾಗದದ ಖರ್ಚನ್ನೂ ಹೇಳಬೇಕು. ಒಂದು ಬೋಲ್ಟಿನ ಬೆಲೆ ಲೋಹದ್ದಲ್ಲ, ಅದರ ಜೊತೆ ಬರುವ ದಾಖಲೆಯದ್ದು. ಯಾವ ಲೋಹ, ಎಷ್ಟು ಬಿಸಿಯಲ್ಲಿ ಹದ ಮಾಡಿದ್ದು, ಯಾರು ಪರೀಕ್ಷಿಸಿದ್ದು ಎಲ್ಲ ಬೇಕು. ಸಿಗದ ಭಾಗವನ್ನು ಮಾಲೀಕರೇ ಮಾಡಿಸಿಕೊಳ್ಳಲು ಅಮೆರಿಕದ ನಿಯಮದಲ್ಲಿ ದಾರಿ ಇದೆ, ಆದರೆ ಮೂಲ ಡ್ರಾಯಿಂಗ್‌ಗೆ ತಕ್ಕಂತೆ ಇದೆ ಅಂತ ತೋರಿಸಬೇಕು. ಡಕೋಟಾದ ಪುಣ್ಯ, ಅದಕ್ಕೆ ಡಿಸಿ-3ರ ನಾಗರಿಕ ಸರ್ಟಿಫಿಕೇಟ್ ಇದೆ. ಬರೀ ಮಿಲಿಟರಿಗೆ ಅಂತ ಹುಟ್ಟಿದ ವಿಮಾನಗಳು ವಿಶೇಷ ವಿಭಾಗದಲ್ಲಿ ಹಾರಬೇಕು. ಅಲ್ಲಿ ಟಿಕೆಟ್ ಮಾರಿ ಜನ ಕೂರಿಸಲು ಬೇರೆಯೇ ವಿನಾಯಿತಿ ಬೇಕು. ಪರಿಣತರು ಹಿಂದೆ ಸರಿದರೆ ಏನಾಗುತ್ತದೆ ಅನ್ನುವುದನ್ನು ಸಾಗಣೆ ವಿಮಾನ ಅಲ್ಲದ ಬ್ರಿಟನ್ನಿನ ವಲ್ಕನ್ ಬಾಂಬರ್ ತೋರಿಸಿತು. ಜವಾಬ್ದಾರಿ ಹೊತ್ತಿದ್ದ ತಾಂತ್ರಿಕ ಕಂಪನಿಗಳು ಕೈಬಿಟ್ಟ ಮೇಲೆ 2015ರಲ್ಲಿ ಅದರ ಹಾರಾಟ ನಿಂತಿತು. ಜನರ ದೇಣಿಗೆ, ಪ್ರೀತಿ ಎರಡೂ ಇದ್ದವು.

ವಿಮೆ ಏರುವುದು ಅಪಘಾತಗಳಿಂದ. 2018ರ ಜುಲೈನಲ್ಲಿ ಟೆಕ್ಸಸ್‌ನ ಬರ್ನೆಟ್‌ನಲ್ಲಿ ‘ಬ್ಲೂಬಾನೆಟ್ ಬೆಲ್’ ಅನ್ನುವ ಸಿ-47 ಮೇಲೇರುವಾಗ ಬಿದ್ದು ಸುಟ್ಟುಹೋಯಿತು. ಒಳಗಿದ್ದ 13 ಜನರೂ ಬದುಕಿದರು. 2019ರ ಅಕ್ಟೋಬರ್‌ನಲ್ಲಿ ಕನೆಕ್ಟಿಕಟ್‌ನಲ್ಲಿ ಬಿ-17 ಬಾಂಬರ್ ಬಿದ್ದಾಗ ಅಷ್ಟು ಅದೃಷ್ಟ ಇರಲಿಲ್ಲ, 7 ಜನ ಸತ್ತರು. ಎಂಜಿನ್ ನಿರ್ವಹಣೆಯ ಲೋಪಗಳು ಬೆಳಕಿಗೆ ಬಂದವು. ಮುಂದಿನ ವರ್ಷ ಅದನ್ನು ಹಾರಿಸುತ್ತಿದ್ದ ಸಂಸ್ಥೆಯ ಪ್ರಯಾಣಿಕ ಅನುಮತಿ ರದ್ದಾಯಿತು. ಇಂಥ ಒಂದು ಘಟನೆ ನಡೆದರೆ ಅಚ್ಚುಕಟ್ಟಾಗಿ ಕೆಲಸ ಮಾಡುವ ಬೇರೆ ಸಂಸ್ಥೆಗಳ ವಿಮೆಯ ಮಾತುಕತೆಯೂ ಬಿಗಿಯಾಗುತ್ತದೆ.

ಹಾಗಾದರೆ ಇವೆಲ್ಲ ಇನ್ನೂ ಹೇಗೆ ಹಾರುತ್ತಿವೆ? ಕೆಲವಕ್ಕೆ ಸರ್ಕಾರವೇ ಬೆನ್ನಿಗಿದೆ. ಬ್ರಿಟನ್ನಿನ ವಾಯುಪಡೆಯ ಸ್ಮಾರಕ ತಂಡದಲ್ಲಿ ಒಂದು ಡಕೋಟಾ ಇದೆ. ಅದು ಪ್ರದರ್ಶನಕ್ಕಷ್ಟೇ ಅಲ್ಲ, ಲ್ಯಾಂಕಾಸ್ಟರ್ ಬಾಂಬರ್ ಹಾರಿಸಬೇಕಾದ ಪೈಲಟ್‌ಗಳ ತರಬೇತಿಗೂ ಬಳಕೆಯಾಗುತ್ತದೆ. ಭಾರತೀಯ ವಾಯುಪಡೆಗೆ 2018ರಲ್ಲಿ ಸಂಸದ ರಾಜೀವ್ ಚಂದ್ರಶೇಖರ್ ರಿಪೇರಿ ಮಾಡಿಸಿ ಕೊಟ್ಟ ‘ಪರಶುರಾಮ’ ಅನ್ನುವ ಡಕೋಟಾ ಇಂಗ್ಲೆಂಡಿನ ಕವೆಂಟ್ರಿಯಿಂದ ಹಿಂಡನ್‌ವರೆಗೆ ಹಾರಿಯೇ ಬಂತು. ಅಲಾಸ್ಕ, ಉತ್ತರ ಕೆನಡಾದಲ್ಲಿ ಸಿ-46, ಡಿಸಿ-6ನಂಥವು ಸರಕು ಹೊತ್ತು ದುಡಿದು ತಿನ್ನುತ್ತಿವೆ. ದುಡಿಯುವ ವಿಮಾನಗಳಿರುವುದರಿಂದಲೇ ಬಿಡಿಭಾಗದ ವ್ಯಾಪಾರವೂ ಒಂದಿಷ್ಟು ಜೀವಂತ ಇದೆ.

ಉಳಿದದ್ದು ಜನರ ಕೈಕೆಲಸದ ಮೇಲೆ. ‘ಮಿಸ್ ಮಾಂಟಾನಾ’ ಅನ್ನುವ ಸಿ-47 2001ರಿಂದ ಮಿಸೂಲಾ ಊರಿನ ಮ್ಯೂಸಿಯಂನಲ್ಲಿ ನಿಂತಿತ್ತು. 1944ರ ನಾರ್ಮಂಡಿ ದಾಳಿಯ 75ನೇ ವರ್ಷಕ್ಕೆ ಫ್ರಾನ್ಸಿಗೆ ಹಾರಿಸಬೇಕು ಅಂತ ಸ್ವಯಂಸೇವಕರು ಹಠ ತೊಟ್ಟು ವರ್ಷದೊಳಗೆ ಅದನ್ನು ಎಬ್ಬಿಸಿದರು. 2019ರ ಮೇನಲ್ಲಿ ಅದು ಮತ್ತೆ ಹಾರಿತು. ಆ ಗಂಟೆಗಳಿಗೆಲ್ಲ ಕೂಲಿ ಕೊಟ್ಟಿದ್ದರೆ ಬಿಲ್ ಎಲ್ಲಿಗೆ ಹೋಗುತ್ತಿತ್ತೋ. ಚಿಂತೆ ಇರುವುದು ಇಲ್ಲೇ. ಸ್ಪಾರ್ಕ್ ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊ ಸದ್ದು ಕೇಳಿ ತಪ್ಪು ಹಿಡಿಯುವ, ರಿವೆಟ್ ಮೇಲೆ ಬೆರಳಾಡಿಸಿ ಸಡಿಲ ಹೇಳುವ ಹಿರಿಯರು ಕಮ್ಮಿಯಾಗುತ್ತಿದ್ದಾರೆ. ಅವರ ಪಕ್ಕದಲ್ಲಿ ಇಪ್ಪತ್ತರ ಹರೆಯದ ಒಬ್ಬರನ್ನು ಸಂಬಳ ಕೊಟ್ಟು ನಿಲ್ಲಿಸುವುದು ನನ್ನ ಪ್ರಕಾರ ಹೊಸ ಎಂಜಿನ್ ಕೊಳ್ಳುವುದಕ್ಕಿಂತ ಮೊದಲು ಆಗಬೇಕಾದ ಖರ್ಚು.

ಖರ್ಚು ಇಳಿಸಲು ಒಂದು ದಾರಿ ಖಂಡಿತ ಇದೆ. ವಿಸ್ಕಾನ್ಸಿನ್‌ನ ಆಷ್‌ಕಾಷ್‌ನಲ್ಲಿರುವ ಬ್ಯಾಸ್ಲರ್ ಕಂಪನಿ ಹಳೆಯ ಡಿಸಿ-3ಗಳ ಪಿಸ್ಟನ್ ಎಂಜಿನ್ ಕಿತ್ತು ಟರ್ಬೈನ್ ಹಾಕುತ್ತದೆ. ಮೈಯನ್ನೂ ಸ್ವಲ್ಪ ಉದ್ದ ಮಾಡುತ್ತದೆ. ಸುಲಭವಾಗಿ ಸಿಗುವ ಜೆಟ್ ಇಂಧನ ನಡೆಯುತ್ತದೆ, ಎಂಜಿನ್ ಬಹಳ ಗಂಟೆ ಬಾಳುತ್ತದೆ. ಅಂಟಾರ್ಕ್ಟಿಕದ ಮಂಜಿನ ಮೇಲೂ ಅಂಥ ವಿಮಾನಗಳು ದುಡಿಯುತ್ತಿವೆ. ಕೆಲಸಕ್ಕೆ ಅದೇ ಸರಿ. ಆದರೆ ಆಮೇಲೆ ಅದು 1944ರ ವಿಮಾನವಾಗಿ ಉಳಿಯುವುದಿಲ್ಲ. ಆ ಗುಡುಗುಡು ಸದ್ದು, ಸ್ಟಾರ್ಟ್ ಆಗುವಾಗಿನ ನೀಲಿ ಹೊಗೆ ಯಾವುದೂ ಇರುವುದಿಲ್ಲ.

ಆ ಕಂಪನಿಯ ಬಯಲಲ್ಲಿ ಹೀಗೆ ಮಾರ್ಪಾಟಿಗೆ ಕಾಯುತ್ತಾ ನಿಂತಿದ್ದ ವಿಮಾನಗಳ ನಡುವೆ ‘ದಟ್ಸ್ ಆಲ್, ಬ್ರದರ್’ ಪತ್ತೆಯಾಯಿತು. 1944ರ ಜೂನ್‌ನಲ್ಲಿ ನಾರ್ಮಂಡಿಗೆ ಪ್ಯಾರಾಟ್ರೂಪರ್‌ಗಳನ್ನು ಹೊತ್ತ ಮುಖ್ಯ ಪಡೆಯ ಮುಂದಾಳು ವಿಮಾನ ಅದು. ಸಂಖ್ಯೆ ಹೋಲಿಸಿ ನೋಡುವವರೆಗೆ ಅದೂ ಸಾಲಿನಲ್ಲಿದ್ದ ಇನ್ನೊಂದು ಹಳೆಯ ಡಬ್ಬ. ಕಮೆಮೊರೇಟಿವ್ ಏರ್ ಫೋರ್ಸ್ ಅನ್ನುವ ಸ್ವಯಂಸೇವಕ ಸಂಸ್ಥೆ ಜನರಿಂದ ದೇಣಿಗೆ ಎತ್ತಿ ಅದನ್ನು ಕೊಂಡಿತು, ಪಿಸ್ಟನ್ ಎಂಜಿನ್‌ಗಳನ್ನೇ ಉಳಿಸಿಕೊಂಡು ಸರಿಪಡಿಸಿತು. 2018ರ ಜನವರಿಯಲ್ಲಿ ಅದು ಹಾರಿತು. ಮರುವರ್ಷ ಗೂಸ್ ಬೇ, ಗ್ರೀನ್‌ಲ್ಯಾಂಡ್, ಐಸ್‌ಲ್ಯಾಂಡ್ ಮೇಲೆ ಅಟ್ಲಾಂಟಿಕ್ ದಾಟಿತು. ಜೊತೆಗೆ ಇನ್ನಷ್ಟು ಡಕೋಟಾಗಳಿದ್ದವು. ಇಳಿದ ಒಂದೊಂದು ತಾಣದಲ್ಲೂ ಬೆಳಿಗ್ಗೆ ಹೊರಡುವ ಮುಂಚೆ ಯಾರೋ ಒಬ್ಬರು ಎಂಜಿನ್ ಮುಂದೆ ನಿಂತು, ಬ್ಲೇಡ್ ಹಿಡಿದು, ಒಂದರಿಂದ ಎಣಿಸಬೇಕಿತ್ತು.